ತಿಂಗಳವಾರು ದೂರುಗಳ ಚಾರ್ಟ್: ದೂರು ಬಾರದ ತಿಂಗಳುಗಳು ಕಾಣೆಯಾಗಿವೆ

ಪ್ರಶ್ನೆ:
ನಮ್ಮ ಡೇಟಾಬೇಸ್‌ನಲ್ಲಿ 2 ವರ್ಷಗಳ ಗ್ರಾಹಕ ದೂರುಗಳು 12 ವಿಭಾಗಗಳಡಿ ದಾಖಲಾಗಿವೆ. ಗ್ರೂಪ್ ಬೈ (ಸಾಲುಗಳನ್ನು ಗುಂಪು ಮಾಡುವ ಡೇಟಾಬೇಸ್ ಆದೇಶ) ಬಳಸಿ ತಿಂಗಳವಾರು ಎಣಿಕೆ ತೆಗೆದು, ಪ್ರತಿ ವಿಭಾಗಕ್ಕೂ ಒಂದೊಂದು ಬಣ್ಣದ ಗೆರೆ ಎಳೆದಿದ್ದೇನೆ. ನೋಡಿದವರು ಯಾವ ಗೆರೆ ಯಾವುದೆಂದು ಕೇಳುತ್ತಾರೆ. ಸಾಲದೆಂಬಂತೆ, ಒಂದೂ ದೂರು ಬಾರದ ತಿಂಗಳಿನಲ್ಲಿಯೂ ಗೆರೆ ಕೆಳಗಿಳಿಯುವುದಿಲ್ಲ. ಪೈ ಚಾರ್ಟ್ ಬಳಸಿದರೆ ಸರಿಹೋಗಬಹುದೇ?

ಉತ್ತರ 1:
ಗೆರೆಯ ದೋಷ ಚಾರ್ಟಿನದಲ್ಲ, ಕ್ವೆರಿಯದು, ಅಂದರೆ ಡೇಟಾಬೇಸಿನಿಂದ ಮಾಹಿತಿ ಕೇಳುವ ಆದೇಶದ್ದು. ಗ್ರೂಪ್ ಬೈ ಇರುವ ಸಾಲುಗಳನ್ನಷ್ಟೇ ಗುಂಪು ಮಾಡುತ್ತದೆ. ದೂರೇ ಇಲ್ಲದ ತಿಂಗಳಿಗೆ ಸಾಲೂ ಇರುವುದಿಲ್ಲವಾದ್ದರಿಂದ, ಚಾರ್ಟ್ ಅದರ ಹಿಂದಿನ ಮತ್ತು ಮುಂದಿನ ಬಿಂದುಗಳನ್ನು ನೇರವಾಗಿ ಜೋಡಿಸಿಬಿಡುತ್ತದೆ. ಎಲ್ಲ ತಿಂಗಳುಗಳನ್ನೂ ಎಲ್ಲ ವಿಭಾಗಗಳೊಂದಿಗೆ ಕ್ರಾಸ್ ಜಾಯಿನ್ ಮಾಡಿ (ಪ್ರತಿ ತಿಂಗಳಿಗೂ ಪ್ರತಿ ವಿಭಾಗವನ್ನು ಜೋಡಿಸಿ), ಆ ಪಟ್ಟಿಗೆ ದೂರುಗಳ ಟೇಬಲ್ಲನ್ನು ಲೆಫ್ಟ್ ಜಾಯಿನ್ ಮಾಡಿರಿ; ಆಗ ದೂರಿಲ್ಲದಿದ್ದರೂ ಪಟ್ಟಿಯ ಸಾಲು ಉಳಿಯುತ್ತದೆ, ದೂರಿನ ಕಾಲಮ್ಮುಗಳು ಮಾತ್ರ ಖಾಲಿಯಿರುತ್ತವೆ. ಇಲ್ಲಿ ಅನೇಕರು ಎಡವುವ ಜಾಗವೊಂದಿದೆ: ಸಾಲುಗಳನ್ನೇ ಎಣಿಸಿದರೆ ಖಾಲಿ ತಿಂಗಳಿಗೂ 1 ಬರುತ್ತದೆ, ಆದ್ದರಿಂದ ದೂರಿನ ಐಡಿ ಕಾಲಮ್ಮನ್ನು ಎಣಿಸಬೇಕು. ದೂರುಗಳ ಮೇಲಿನ ಷರತ್ತುಗಳು ವೇರ್ ಭಾಗದಲ್ಲಿದ್ದರೆ (ಇದು ಜೋಡಿಸಿದ ಮೇಲೆ ಸಾಲುಗಳನ್ನು ಸೋಸುವ ಭಾಗ) ಖಾಲಿ ತಿಂಗಳುಗಳು ಮತ್ತೆ ಕಾಣೆಯಾಗುತ್ತವೆ; ಅವನ್ನು ಜಾಯಿನ್‌ನ ಷರತ್ತು ಹೇಳುವ ಆನ್ ಭಾಗದಲ್ಲಿಯೇ ಬರೆಯಿರಿ.

ಉತ್ತರ 2:
ಪೈ ಚಾರ್ಟ್ ದಯವಿಟ್ಟು ಬೇಡ. ಅದು ಕಾಲದೊಂದಿಗೆ ಆಗುವ ಬದಲಾವಣೆಯನ್ನು ತೋರಿಸಲಾರದು. ಅಲ್ಲದೆ, ಒಂದೇ ಅಳತೆರೇಖೆಯ ಮೇಲಿನ ಸ್ಥಾನಗಳನ್ನು ಹೋಲಿಸುವಷ್ಟು ನಿಖರವಾಗಿ ನಮ್ಮ ಕಣ್ಣು ಕೋನಗಳನ್ನು ಹೋಲಿಸುವುದಿಲ್ಲವೆಂಬುದನ್ನು ಸಂಖ್ಯಾಶಾಸ್ತ್ರಜ್ಞರಾದ ಕ್ಲೀವ್‌ಲ್ಯಾಂಡ್ ಮತ್ತು ಮೆಗಿಲ್ 1984ರಲ್ಲಿ ಪ್ರಕಟಿಸಿದ ಪ್ರಯೋಗಗಳು ತೋರಿಸಿವೆ. ನೀವು ಹೇಳಬೇಕಾದುದು ಒಂದೇ ವಿಭಾಗದ ಏರಿಕೆಯಾದರೆ, ಅದಕ್ಕೆ ಮಾತ್ರ ಗಾಢ ಬಣ್ಣ ಕೊಟ್ಟು ಉಳಿದ 11 ಗೆರೆಗಳನ್ನು ತಿಳಿ ಬೂದು ಬಣ್ಣದಲ್ಲಿಡಿ, ಹೆಸರನ್ನು ಗೆರೆಯ ತುದಿಯಲ್ಲಿಯೇ ಬರೆಯಿರಿ. ಹನ್ನೆರಡೂ ಮುಖ್ಯವೆಂದಾದರೆ, ಒಂದೇ ಅಳತೆಯ 12 ಪುಟ್ಟ ಚಾರ್ಟುಗಳನ್ನು ಅಕ್ಕಪಕ್ಕದಲ್ಲಿ ಜೋಡಿಸುವುದು ಮೇಲು.

ಪ್ರಶ್ನಿಸಿದವರು:
ಇಬ್ಬರಿಗೂ ಕೃತಜ್ಞತೆಗಳು. ಕ್ವೆರಿಯನ್ನು ತಿದ್ದಿದ ಮೇಲೆ ಗೆರೆ ಸರಿಯಾಗಿ ಇಳಿಯುತ್ತಿದೆ. ಆದರೆ ಒಂದು ವಿಭಾಗ ಆರಂಭವಾದದ್ದೇ ಎರಡನೆಯ ವರ್ಷದಲ್ಲಿ. ಅದಕ್ಕೂ ಮೊದಲ ವರ್ಷವೆಲ್ಲ ಸೊನ್ನೆ ಕಾಣುತ್ತಿದೆ.

ಉತ್ತರ 1:
ಅಲ್ಲಿರಬೇಕಾದುದು ಸೊನ್ನೆಯಲ್ಲ, ನಲ್ (ಅಂದರೆ ಮೌಲ್ಯವೇ ಇಲ್ಲ). ದೂರು ಬರಲಿಲ್ಲವೆನ್ನುವುದೂ ವಿಭಾಗವೇ ಇರಲಿಲ್ಲವೆನ್ನುವುದೂ ಬೇರೆ ಬೇರೆ ಸಂಗತಿಗಳು. ವಿಭಾಗಗಳ ಟೇಬಲ್ಲಿನಲ್ಲಿ ಆರಂಭದ ದಿನಾಂಕವಿದ್ದರೆ, ಅದಕ್ಕೆ ಹಿಂದಿನ ತಿಂಗಳುಗಳನ್ನು ಕ್ರಾಸ್ ಜಾಯಿನ್ ಹಂತದಲ್ಲಿಯೇ ಬಿಟ್ಟುಬಿಡಿ. ಗೆರೆ ಆ ತಿಂಗಳಿನಿಂದಲೇ ಮೊದಲಾಗುತ್ತದೆ.