ಗೋವಿನಜೋಳದ ಇಳುವರಿ ಮೊದಲೇ ಅಂದಾಜು ಮಾಡಲು ಯಾವ ಮಾದರಿ? ಬಳಸಿದವರು ಅನುಭವ ಹೇಳಿ

ಹಾವೇರಿ_ಕಂಪನಿ

ಎಲ್ಲರಿಗೂ ನಮಸ್ಕಾರ. ನಮ್ಮದು ಹಾವೇರಿ ಜಿಲ್ಲೆಯ ರೈತ ಉತ್ಪಾದಕರ ಕಂಪನಿ. ಸದಸ್ಯರಲ್ಲಿ ಬಹುಪಾಲು ಜನ ಗೋವಿನಜೋಳ ಹಾಕುವವರು, ಎಲ್ಲಾ ಮಳೆ ಮೇಲೆ. ಕೋಳಿ ಆಹಾರದ ಕಾರ್ಖಾನೆಯವರು ಸೆಪ್ಟೆಂಬರ್ ಮೊದಲ ವಾರಕ್ಕೇ "ಎಷ್ಟು ಟನ್ ಕೊಡ್ತೀರಿ" ಅಂತ ಕೇಳುತ್ತಾರೆ. ಹವಾಮಾನ, ಮಣ್ಣು, ತಳಿಯ ಅಂಕಿ ಹಾಕಿದರೆ ಇಳುವರಿ ಲೆಕ್ಕ ಹಾಕುವ ಕಂಪ್ಯೂಟರ್ ಮಾದರಿಗಳಾದ ಡಿಸ್ಯಾಟ್, ಆಕ್ವಾಕ್ರಾಪ್ ಎರಡೂ ಪುಕ್ಕಟೆ ಸಿಗುತ್ತವೆ. ಒಂದು ಉಪಗ್ರಹ ಕಂಪನಿ ಹಂಗಾಮಿಗೆ 2.4 ಲಕ್ಷ ಕೇಳುತ್ತಿದೆ. ನಾನು ಕೃಷಿ ಪದವಿ ಓದಿದವನು, ಮಾದರಿ ಓಡಿಸಿದ್ದು ಕಾಲೇಜಿನಲ್ಲಿ ಮಾತ್ರ. ಶೇ. 15ರ ಆಚೀಚೆ ಬಂದರೂ ನಮಗೆ ಸಾಕು. ಯಾವುದು ಹಿಡಿಯಲಿ?

ಕೆಂಪುಮಣ್ಣು

ನಿಮ್ಮ ಪುಣ್ಯ, ನಿಮ್ಮದು ಮುಸುಕಿನ ಜೋಳ. ಡಿಸ್ಯಾಟ್ ಒಳಗೆ ಅದಕ್ಕೇ ಅಂತ ಇರುವ ಸೆರೆಸ್-ಮೇಜ್ ಮಾದರಿಯನ್ನು ಪ್ರಪಂಚದ ಎಲ್ಲಾ ಕಡೆ ಉಜ್ಜಿ ನೋಡಿದ್ದಾರೆ. ನನ್ನದು ರಾಗಿ, ಚಿಕ್ಕಬಳ್ಳಾಪುರ ಕಡೆ. ನಾನು ಶುರು ಮಾಡಿದಾಗ ನನ್ನ ಕೈಯಲ್ಲಿದ್ದ ಆವೃತ್ತಿಯಲ್ಲಿ ರಾಗಿಗೆ ಅಂತ ಮಾದರಿ ಇರಲಿಲ್ಲ. ಸಜ್ಜೆಯ ಮಾದರಿ ತಂದು ರಾಗಿಗೆ ಒಗ್ಗಿಸಬೇಕಾಯಿತು. ಸಜ್ಜೆ ಎಲ್ಲಿ, ರಾಗಿ ಎಲ್ಲಿ! ಅದರ ಮೇಲೆ ತಳಿ ಎರಡು. ಜಿಪಿಯು-28 ಬೇಗ ಬರುತ್ತದೆ, ಎಂಆರ್-6 ನಿಧಾನ. ಹೂವಿನ ದಿನ ಸರಿ ಕೂರಿಸಿದರೆ ಕಾಳಿನ ತೂಕ ಕೆಡುತ್ತದೆ. ತೂಕ ಸರಿ ಮಾಡಿದರೆ ಎಲೆ ವಿಸ್ತೀರ್ಣ ಕೈಕೊಡುತ್ತದೆ. ತಳಿಯ ಗುಣಾಂಕ, ಅಂದರೆ ಆ ತಳಿ ಯಾವಾಗ ಹೂ ಬಿಡುತ್ತದೆ, ಎಷ್ಟು ಕಾಳು ಕಟ್ಟುತ್ತದೆ ಅನ್ನುವ ಅಂಕಿಗಳನ್ನು ಹುಡುಕಿಕೊಡುವ ಗ್ಲೂ ಅನ್ನುವ ಸಾಧನವನ್ನು ರಾತ್ರಿಯಿಡೀ ಓಡಿಸಿದರೆ ಬೆಳಿಗ್ಗೆ ಬರುವ ಗುಣಾಂಕಗಳಲ್ಲಿ ಲೆಕ್ಕ ಸರಿ ಇರುತ್ತದೆ, ಗಿಡ ಮಾತ್ರ ಎಲ್ಲೂ ಇಲ್ಲದ್ದು.

ಖರ್ಚಿನ ಬಗ್ಗೆ ಯಾರೂ ಹೇಳಲ್ಲ, ಕೇಳಿ. ಈ ಗುಣಾಂಕ ಕೂರಿಸಲು ಹದಿನೈದು ದಿನಕ್ಕೊಮ್ಮೆ ಗಿಡ ಕಿತ್ತು, ಎಲೆ, ಕಾಂಡ, ತೆನೆ ಬೇರೆ ಬೇರೆ ಮಾಡಿ, ಒಣಗಿಸಿ ತೂಗಬೇಕು. ಇಬ್ಬರು ಹೆಣ್ಣಾಳು, ದಿನಕ್ಕೆ ತಲಾ 400. ಬೈಕಿನ ಪೆಟ್ರೋಲ್, ಪೇಪರ್ ಕವರ್, ಜಮೀನಿನವರಿಗೆ ಕಿತ್ತ ಗಿಡದ ಪರಿಹಾರ, ಎಲ್ಲಾ ಸೇರಿ ಒಂದು ಹಂಗಾಮಿಗೆ 61,000. ಓವನ್ ಬೇರೆ, 38,000. ಅದರಲ್ಲಿ 70 ಡಿಗ್ರಿಯಲ್ಲಿ ಒಣಗಬೇಕಾದ ಗಿಡದ ಭಾಗಗಳು ಒಂದು ವಾರ ಕರೆಂಟ್ ಇಲ್ಲದೆ ಬೂಷ್ಟು ಹಿಡಿದವು. ಇಡೀ ಸೆಪ್ಟೆಂಬರ್ ಅಳತೆ ತಿಪ್ಪೆಗೆ ಹೋಯಿತು.

ಆದರೂ ಒಂದು ಮಾತು. 2023ರಲ್ಲಿ ರಾಜ್ಯದ 223 ತಾಲ್ಲೂಕು ಬರಪೀಡಿತ ಅಂತ ಘೋಷಣೆ ಆಯಿತಲ್ಲ, ಆ ವರ್ಷ ನನ್ನ ಮಾದರಿ ಆಗಸ್ಟ್ ಕೊನೆಗೇ ಅರ್ಧ ಬೆಳೆ ಅಂತ ಹೇಳಿತ್ತು. ಯಾರಿಗೆ ವರದಿ ಕೊಟ್ಟೆನೋ ಅವರು ಫೈಲಿನಲ್ಲಿಟ್ಟು ಸುಮ್ಮನಾದರು.

ಎರೆಹೊಲ

ಗುಣಾಂಕ ಗುಣಾಂಕ ಅಂತ ಯಾಕ್ರೀ ಹೆದರಿಸುತ್ತೀರಿ. ಪಿ1, ಪಿ5, ಜಿ2 ಅಂತ ವರ್ಷಗಟ್ಟಲೆ ಕೂರುವುದು ಥೀಸಿಸ್ ಬರೆಯುವವರ ಕೆಲಸ. ನಾನು ವಿಜಯಪುರದಲ್ಲಿ ಹಿಂಗಾರಿ ಜೋಳಕ್ಕೆ ಓಡಿಸುತ್ತೇನೆ, ತಳಿ ಎಂ35-1. ನಮ್ಮಲ್ಲಿ ಬೆಳೆ ನಿಂತಿರುವುದೇ ಮುಂಗಾರಿನಲ್ಲಿ ಎರೆ ಭೂಮಿ ಕುಡಿದಿಟ್ಟ ನೀರಿನ ಮೇಲೆ. ಬಿತ್ತಿದ ಮೇಲೆ ಮಳೆ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಮಾದರಿಯನ್ನು ಬಿತ್ತನೆ ದಿನದಿಂದ ಶುರು ಮಾಡಿ, ಮಣ್ಣು ತುಂಬಾ ನೀರಿದೆ ಅಂತ ಇಟ್ಟರೆ ಪ್ರತಿ ವರ್ಷ ಬಂಪರ್ ಬೆಳೆ ತೋರಿಸುತ್ತದೆ. ಜೂನ್ 1ರಿಂದ ಬರೀ ಹೊಲ ಅಂತ ಓಡಿಸಿ, ಆ ಮಳೆಯನ್ನೆಲ್ಲಾ ಮಣ್ಣಿಗೆ ಇಳಿಸಿ, ಆಮೇಲೆ ಬಿತ್ತಬೇಕು. ಇಷ್ಟು ಮಾಡಿದ ಮೇಲೆ ನನ್ನ ಅಂದಾಜು ದಾರಿಗೆ ಬಂತು. ಒಂದು ಗುಣಾಂಕವನ್ನೂ ನಾನು ಮುಟ್ಟಿಲ್ಲ.

ನನಗೆ ದುಡ್ಡು ಹೋಗಿದ್ದು ಮಣ್ಣಿಗೆ. ಸಿದ್ಧ ಮಣ್ಣಿನ ಫೈಲಿನಲ್ಲಿ ಆಳ 150 ಸೆಂಟಿಮೀಟರ್ ಅಂತ ಇತ್ತು. ನಮ್ಮ ಹೊಲದಲ್ಲಿ 70ಕ್ಕೇ ಗರಸು. ಜೆಸಿಬಿ ಗಂಟೆಗೆ 1,200, ಬಂದು ಹೋಗುವ ಬಾಡಿಗೆ ಬೇರೆ. ಮೂರು ಗುಂಡಿ, ಗುಂಡಿಗೆ ಐದು ಪದರ, ಪದರಕ್ಕೆ ಲ್ಯಾಬಿನವರು 850. ಅಲ್ಲಿಗೇ 12,750. ನೀರು ಹಿಡಿಯುವ ಮೇಲಿನ ಮಿತಿ, ಕೆಳಗಿನ ಮಿತಿ ಎರಡೂ ಬೇಕು ಅಂತ ಬರೆದುಕೊಟ್ಟಿದ್ದೆ. ಒಂದನ್ನು ಮಾತ್ರ ಅಳೆದು, ಇನ್ನೊಂದು "ಲೆಕ್ಕ ಹಾಕಿದ್ದು" ಅಂತ ಕೊಟ್ಟರು. ಜಗಳ ಮಾಡಿ ಮತ್ತೆ ಮಾಡಿಸಿದೆ. ಇಷ್ಟಾದರೂ ಒಂದು ಕೊರತೆ ಉಳಿದೇ ಇದೆ. ಬೇಸಿಗೆಯಲ್ಲಿ ಬಾಯಿ ಬಿಟ್ಟ ಎರೆ ಬಿರುಕಿಗೆ ಮೊದಲ ಮಳೆ ನೇರ ಇಳಿಯುತ್ತದೆ. ನಾನು ಓಡಿಸುವ ಮಾದರಿ ಅದನ್ನು ಹರಿದುಹೋದ ನೀರು ಅಂತ ಬರೆದುಕೊಳ್ಳುತ್ತದೆ.

ಕೆಂಪುಮಣ್ಣು

ಗುಣಾಂಕ ಮುಟ್ಟದೆ ನಿಮಗೆ ಸರಿ ಬಂದಿದ್ದು ಒಂದೇ ಹಳೆ ತಳಿಯನ್ನೇ ಬಿತ್ತುವ ಊರಿನಲ್ಲಿ ಇದ್ದೀರಿ ಅಂತ. ಹಾವೇರಿಯಲ್ಲಿ ಎಷ್ಟು ಹೈಬ್ರಿಡ್ ಇವೆ ಅಂತ ಗೊಬ್ಬರದ ಅಂಗಡಿಗೆ ಹೋಗಿ ನೋಡಿ. "ಥೀಸಿಸ್ ಬರೆಯುವವರು" ಅಂತ ಹಂಗಿಸುವ ಅಗತ್ಯ ಇರಲಿಲ್ಲ.

ದುಡ್ಡುಕೊಟ್ಟವ

ಉಪಗ್ರಹದ ವಿಷಯ ನಾನು ಹೇಳುತ್ತೇನೆ, ನಮ್ಮ ಸಂಘ ಕೊಟ್ಟಿದೆ. 1.8 ಲಕ್ಷ, ಜಿಎಸ್‌ಟಿ ಸೇರಿ 2,12,400. ಅದು ಬರೀ ಮೇಲಿನ ಮೊತ್ತ. ಹೊಲದ ಗಡಿ ಗೆರೆ ಹಾಕಲು ತಾಕಿಗೆ 35 ರೂಪಾಯಿ. "ಡ್ಯಾಶ್‌ಬೋರ್ಡ್ ತರಬೇತಿ" ಅಂತ ಒಬ್ಬ ಹುಡುಗ ಬಂದ, ಅವನ ಲಾಡ್ಜ್ ಬಿಲ್ಲೂ ನಮ್ಮದೇ.

ಸೆಂಟಿನೆಲ್-2 ಉಪಗ್ರಹ ಐದು ದಿನಕ್ಕೊಮ್ಮೆ ಚಿತ್ರ ಕೊಡುತ್ತದೆ, ಸರಿ. ಜುಲೈ-ಆಗಸ್ಟ್‌ನಲ್ಲಿ ಮೋಡ ಬಿಟ್ಟು ಬೇರೆ ಏನು ಕಾಣುತ್ತದೆ? ನಡುವಿನ ಖಾಲಿ ದಿನಗಳಿಗೆ ಅವರು ಗೆರೆ ಎಳೆದು ತುಂಬಿಸಿದ್ದರು. ಕೇಳಿದರೆ "ಸ್ಮೂತಿಂಗ್" ಅಂದರು. ಅದಕ್ಕಿಂತ ಸಿಟ್ಟು ಬಂದಿದ್ದು ಇನ್ನೊಂದಕ್ಕೆ. ನಕ್ಷೆಯಲ್ಲಿ ಕಡು ಹಸಿರಾಗಿ ಹೊಳೆಯುತ್ತಿದ್ದ ಎರಡು ಹೊಲಕ್ಕೆ ಹೋಗಿ ನೋಡಿದೆವು. ಕಳೆ! ಆಳು ಸಿಗದೆ ಬಿಟ್ಟ ಹೊಲ ಅವು. ಅವರು ನೋಡುವ ಎನ್‌ಡಿವಿಐ ಅನ್ನುವ ಹಸಿರಿನ ಸೂಚ್ಯಂಕಕ್ಕೆ ಹಸಿರು ಅಂದರೆ ಹಸಿರು ಅಷ್ಟೇ. ಗಿಡ ದಟ್ಟವಾದ ಮೇಲಂತೂ ಒಳ್ಳೆ ಬೆಳೆಗೂ ತುಂಬಾ ಒಳ್ಳೆ ಬೆಳೆಗೂ ವ್ಯತ್ಯಾಸವೇ ತೋರಿಸಲ್ಲ. ಆ ಕಂಪನಿ ಹೆಸರು ಇಲ್ಲಿ ಹಾಕಲ್ಲ, ಖಾಸಗಿಯಾಗಿ ಕೇಳಬೇಡಿ.

ಸಾಗರದಾಚೆ

ನಾನು ನೆದರ್ಲೆಂಡ್ಸ್‌ನಲ್ಲಿದ್ದೇನೆ, ಊರು ಶಿರಸಿ. ವಾಗೆನಿಂಗೆನ್‌ನಲ್ಲಿ ಹುಟ್ಟಿದ ವೊಫಾಸ್ಟ್ ಮಾದರಿ ಜೊತೆಗೇ ನನ್ನ ಕೆಲಸ. ಯುರೋಪಿನ ಮಾರ್ಸ್ ವ್ಯವಸ್ಥೆ ಇದನ್ನೇ ಬಳಸಿ ಬೆಳೆ ವರದಿ ಹೊರಡಿಸುತ್ತದೆ, ಇಟಲಿಯ ಇಸ್ಪ್ರಾದಿಂದ. ಒಂದು ಗುಟ್ಟು ಹೇಳುತ್ತೇನೆ. ಅಲ್ಲಿ ಮಾದರಿ ಕೊಟ್ಟ ಕಿಲೋವನ್ನು ಯಾರೂ ಹಾಗೇ ಪ್ರಕಟಿಸಲ್ಲ. ಹಿಂದಿನ ವರ್ಷಗಳ ಮಾದರಿ ಸಂಖ್ಯೆಯನ್ನು ಸರ್ಕಾರಿ ಇಳುವರಿ ಅಂಕಿಗಳ ಜೊತೆ ಇಟ್ಟು, ಸಂಬಂಧ ನೋಡಿ, ಆಮೇಲೆ ಪರಿಣತರು ಕೂತು ತೀರ್ಮಾನಿಸುತ್ತಾರೆ. ಇನ್ನೊಂದು, ಒಂದೇ ಮಾದರಿ ನಂಬಬೇಡಿ. 2013ರಲ್ಲಿ 27 ಗೋಧಿ ಮಾದರಿಗಳನ್ನು ಒಟ್ಟಿಗೆ ಓಡಿಸಿ ನೋಡಿದ ದೊಡ್ಡ ಅಧ್ಯಯನ ಬಂತು. ಒಂಟಿ ಮಾದರಿಗಿಂತ ಎಲ್ಲದರ ಸರಾಸರಿಯೇ ಮೇಲು ಅಂತ ಆ ಕೂಟ ತೋರಿಸಿತು. ನೀವು ಡಿಸ್ಯಾಟ್, ಆಪ್ಸಿಮ್, ವೊಫಾಸ್ಟ್ ಮೂರನ್ನೂ ಓಡಿಸಿ.

ಎರೆಹೊಲ

ಮೂರನ್ನೂ ಓಡಿಸಬೇಕಂತೆ. ಇಲ್ಲಿ ಒಂದು ಓಡಿಸಲು ಮಳೆ ಅಂಕಿ ಕೂಡಿಸುವುದರಲ್ಲೇ ಸಾಕಾಗುತ್ತದೆ. ನಿಮ್ಮಲ್ಲಿ ಮಣ್ಣಿನ ನಕ್ಷೆ, ಹವಾಮಾನ ಎಲ್ಲಾ ತಟ್ಟೆಯಲ್ಲಿಟ್ಟು ಕೊಡುತ್ತಾರೆ ಸಾಹೇಬರೇ. ನಮ್ಮಲ್ಲಿ ಒಂದೇ ಸರ್ವೆ ನಂಬರಿನಲ್ಲಿ ನಾಲ್ಕು ಅಣ್ಣತಮ್ಮಂದಿರು, ನಾಲ್ಕು ಬಿತ್ತನೆ ದಿನ.

ಸಾಗರದಾಚೆ

ಯಾರೂ ತಟ್ಟೆಯಲ್ಲಿಟ್ಟು ಕೊಡಲ್ಲ. ಶಿರಸಿಯಿಂದ ಬಂದವನಿಗೆ ಒಂದು ಹೊಲಕ್ಕೂ ಇನ್ನೊಂದಕ್ಕೂ ಇರುವ ವ್ಯತ್ಯಾಸ ಗೊತ್ತಿಲ್ಲ ಅಂದುಕೊಳ್ಳಬೇಡಿ.

ಮಾಗಿ_ಉಳುಮೆ

ನಾನು ದಾವಣಗೆರೆ ಕಡೆ ರೈತ. ಕಂಪ್ಯೂಟರ್ ಮಗ ನೋಡುತ್ತಾನೆ, ಹೊಲ ನಾನು ನೋಡುತ್ತೇನೆ. ನಿಮ್ಮ ಮಾದರಿಗಳಿಗೆ ಫಾಲ್ ಸೈನಿಕ ಹುಳು ಗೊತ್ತೇ? 2018ರ ಮೇ ತಿಂಗಳಲ್ಲಿ ದೇಶದಲ್ಲೇ ಮೊದಲು ಕಂಡಿದ್ದು ಇಲ್ಲೇ ಪಕ್ಕದ ಶಿವಮೊಗ್ಗದಲ್ಲಿ. ಆ ವರ್ಷ ಮಳೆ, ಗೊಬ್ಬರ ಎಲ್ಲಾ ಸರಿ ಇತ್ತು. ಸುಳಿಯೊಳಗೆ ಹುಳು ಕೂತು ತಿಂದು ಹಾಕಿತು. ಔಷಧಿಗೆ ಎಕರೆಗೆ ಒಂದು ಸಲಕ್ಕೆ 1,150, ಹೊಡೆಯುವವನ ಕೂಲಿ 500. ಮೂರು ಸಲ ಹೊಡೆಸಿದೆ, ಎಕರೆಗೆ 4,950. ಮಗನ ಮಾದರಿ ಮಾತ್ರ 26 ಕ್ವಿಂಟಲ್ ಅಂತ ತೋರಿಸುತ್ತಲೇ ಇತ್ತು. ಬಂದಿದ್ದು 11.

ಮತ್ತೆ ಗಿಡದ ಲೆಕ್ಕ. ಪುಸ್ತಕದಲ್ಲಿ ಸಾಲಿಗೆ 60, ಗಿಡಕ್ಕೆ 20 ಸೆಂಟಿಮೀಟರ್. ಹೆಕ್ಟೇರಿಗೆ 83,333 ಗಿಡ. ಮಗ ಅದನ್ನೇ ಹಾಕಿದ್ದ. ಹೊಲಕ್ಕೆ ಕರೆದುಕೊಂಡು ಹೋಗಿ ಎಣಿಸು ಅಂದೆ. 60 ಸಾವಿರವೂ ಇರಲಿಲ್ಲ. ಮೊಳಕೆಯಲ್ಲಿ ಹೋದದ್ದು, ಹಂದಿ ಕೆಡವಿದ್ದು, ಕುಂಟೆಗೆ ಸಿಕ್ಕಿದ್ದು ಯಾರ ಲೆಕ್ಕದಲ್ಲೂ ಇಲ್ಲ. ಈಗ ವಿಮೆಗೂ ಈ ಮಾದರಿಗಳನ್ನೇ ತಂದಿದ್ದಾರೆ, ಪರಿಹಾರ ಕಡಿಮೆ ಮಾಡಲು. ನಮಗೇನೂ ಗೊತ್ತಾಗಲ್ಲ ಅಂದುಕೊಂಡಿದ್ದಾರೆ.

ಕೆಂಪುಮಣ್ಣು

ಅಣ್ಣಾ, ಹುಳುವಿನ ಮಾತು ನೂರಕ್ಕೆ ನೂರು ಸರಿ. ವಿಮೆ ಮಾತು ಪೂರ್ತಿ ಸರಿಯಲ್ಲ. 2023ರ ಮುಂಗಾರಿನಲ್ಲಿ ಫಸಲ್ ಬಿಮಾದೊಳಗೆ ತಂತ್ರಜ್ಞಾನದಿಂದ ಇಳುವರಿ ಅಂದಾಜು ಮಾಡುವ ಯೆಸ್-ಟೆಕ್ ತಂದಾಗ ಶುರು ಮಾಡಿದ್ದು ಭತ್ತ ಮತ್ತು ಗೋಧಿಗೆ. ತಂತ್ರಜ್ಞಾನದ ಅಂದಾಜಿಗೆ ಶೇ. 30 ತೂಕ, ಉಳಿದ 70 ಬೆಳೆ ಕಟಾವು ಪ್ರಯೋಗಕ್ಕೆ.

ಮಾಗಿ_ಉಳುಮೆ

ಕಟಾವು ಪ್ರಯೋಗ ಅಂದರೆ ಇನ್ನೂ ಚಂದ. ಐದು ಮೀಟರ್ ಉದ್ದ, ಐದು ಮೀಟರ್ ಅಗಲ ಹಗ್ಗ ಹಿಡಿದು ಇಡೀ ಪಂಚಾಯ್ತಿಗೆ ನಾಲ್ಕು ಕಡೆ ಕೊಯ್ಯುತ್ತಾರೆ. ನಮ್ಮೂರಲ್ಲಿ ತೂಗುವ ಹೊತ್ತಿಗೆ ಹಗ್ಗ ಅರ್ಧ ಅಡಿ ಆಚೆ ಹೋಗಿತ್ತು. ನಾನೇ ನಿಂತು ನೋಡಿದ್ದೇನೆ.

ದುಡ್ಡುಕೊಟ್ಟವ

25 ಚದರ ಮೀಟರ್ ತೂಕವನ್ನು 400ರಿಂದ ಗುಣಿಸುತ್ತಾರೆ. ಕಾಲು ಕಿಲೋ ಹೆಚ್ಚು ಕಮ್ಮಿ ಆದರೆ ಹೆಕ್ಟೇರಿಗೆ 100 ಕಿಲೋ. ಇಂಥ ಅಂಕಿಯ ಜೊತೆ ಹೋಲಿಸಿ ಮಾದರಿ ತಪ್ಪು ಅನ್ನುವುದಾದರೂ ಹೇಗೆ?

ಎರೆಹೊಲ

ಹಾಗಾದರೆ ನಿಮ್ಮ ಉಪಗ್ರಹದವರನ್ನು ಯಾವ ಅಂಕಿಯ ಜೊತೆ ಹೋಲಿಸಿ ಬೈದಿರಿ?

ದುಡ್ಡುಕೊಟ್ಟವ

ಅಡತಿ ಅಂಗಡಿಯ ತೂಕದ ಚೀಟಿ ಜೊತೆ. ದುಡ್ಡು ಕೊಟ್ಟವನಿಗೆ ಬೈಯುವ ಹಕ್ಕಿಲ್ಲವೇ?

ಕೆಂಪುಮಣ್ಣು

ಅಡತಿ ಚೀಟಿ ಜೊತೆ ಹೋಲಿಸಿದವರು ತೇವಾಂಶ ಕಳೆದಿದ್ದೀರಾ? ಇಲ್ಲೇ ಬಹಳ ಜನ ಎಡವುವುದು. ಡಿಸ್ಯಾಟ್ ಕೊಡುವ ಕಾಳಿನ ತೂಕ ಪೂರ್ತಿ ಒಣ ತೂಕ. ಮಾರುಕಟ್ಟೆಯಲ್ಲಿ ಶೇ. 14 ತೇವಾಂಶದ ಕಾಳು. ಮಾದರಿ ಹೆಕ್ಟೇರಿಗೆ 5,200 ಕಿಲೋ ಅಂದರೆ 0.86ರಿಂದ ಭಾಗಿಸಿ, 6,050ರ ಹತ್ತಿರ. ಎಕರೆಗೆ 21 ಕ್ವಿಂಟಲ್ ಅಂದುಕೊಂಡದ್ದು ಇಪ್ಪತ್ನಾಲ್ಕೂವರೆ ಆಗುತ್ತದೆ. ಮೂರೂವರೆ ಕ್ವಿಂಟಲ್ ಬರೀ ನೀರಿನ ಲೆಕ್ಕದಲ್ಲಿ. ಹಸಿ ಕಾಳು ತಂದು ಹಾಕಿದರೆ ಇನ್ನೂ ಜಾಸ್ತಿ.

ಮಾಗಿ_ಉಳುಮೆ

ಅಡತಿಯಲ್ಲಿ ತೇವಾಂಶ ಅಂತ ಕಡಿಯುವುದಕ್ಕೂ ಆ ಮೀಟರಿಗೂ ಸಂಬಂಧವೇ ಇಲ್ಲ. ಒಂದೇ ಚೀಲಕ್ಕೆ ಎರಡು ಅಂಗಡಿಯಲ್ಲಿ 16 ಮತ್ತು 19 ತೋರಿಸಿದ್ದಾರೆ. ಆಮೇಲೆ ನಾನೇ 9,500 ಕೊಟ್ಟು ಒಂದು ಮೀಟರ್ ತಂದೆ. ಅದನ್ನು ಅಂಗಡಿಯವನು ಒಪ್ಪಲ್ಲ.

ಹಾವೇರಿ_ಕಂಪನಿ

ಎಲ್ಲರಿಗೂ ಧನ್ಯವಾದ. ಮಳೆ ಅಂಕಿ ಎಲ್ಲಿಂದ ತರುತ್ತೀರಿ? ನಾನು ನಾಸಾ ಪವರ್ ಅನ್ನುವ ತಾಣದ ಹವಾಮಾನ ಅಂಕಿ ಇಳಿಸಿಕೊಂಡಿದ್ದೇನೆ. ಆಕ್ವಾಕ್ರಾಪ್ ಯಾರೂ ಬಳಸಿಲ್ಲವೇ?

ಎರೆಹೊಲ

ನಾಸಾ ಪವರ್ ಬಿಸಿಲಿಗೆ ಇಟ್ಟುಕೊಳ್ಳಿ, ಮಳೆಗೆ ಬೇಡ. ಅದರ ಒಂದು ಚೌಕದ ಬದಿ 55 ಕಿಲೋಮೀಟರಿಗೂ ಮೇಲೆ. ಸುತ್ತಲಿನ ಎಷ್ಟೋ ಊರಿನ ಮಳೆಯನ್ನೆಲ್ಲಾ ಒಂದೇ ಪಾತ್ರೆಗೆ ಸುರಿಯುತ್ತದೆ. ರಾಜ್ಯ ವಿಪತ್ತು ಉಸ್ತುವಾರಿ ಕೇಂದ್ರದ ಮಳೆಮಾಪಕ ಗ್ರಾಮ ಪಂಚಾಯ್ತಿಗೊಂದು ಇದೆ. ಅದನ್ನೇ ಹಿಡಿಯಿರಿ. ನಾನು ಸ್ವಂತಕ್ಕೆ 65,000 ಕೊಟ್ಟು ಹವಾಮಾನ ಯಂತ್ರ ಹಾಕಿಸಿದ್ದೆ. ಸಿಮ್ ರೀಚಾರ್ಜ್ ತಿಂಗಳಿಗೆ 199, ಎರಡನೇ ವರ್ಷಕ್ಕೆ ಬ್ಯಾಟರಿ 4,200. ಆಮೇಲೆ ಮಳೆಯ ಡಬ್ಬಿಯೊಳಗೆ ಜೇಡ ಗೂಡು ಕಟ್ಟಿ ಇಡೀ ಜುಲೈ ಸೊನ್ನೆ. ಮಾರಿದವರು ಫೋನ್ ಎತ್ತಲಿಲ್ಲ.

ಸಾಗರದಾಚೆ

ಸೆಪ್ಟೆಂಬರಿನ ಪ್ರಶ್ನೆಗೆ ಯಾರೂ ಉತ್ತರ ಕೊಟ್ಟಿಲ್ಲ. ಆವತ್ತಿನವರೆಗೆ ನಿಜವಾದ ಹವಾಮಾನ ಹಾಕಿ. ಅಲ್ಲಿಂದ ಮುಂದಕ್ಕೆ ಹಿಂದಿನ 30 ವರ್ಷದ ಒಂದೊಂದು ವರ್ಷದ ಮಳೆಯನ್ನು ಅಂಟಿಸಿ ಓಡಿಸಿ. 30 ಇಳುವರಿ ಬರುತ್ತದೆ. ಅವನ್ನು ಕಡಿಮೆಯಿಂದ ಹೆಚ್ಚಿಗೆ ಜೋಡಿಸಿ, ಕಾರ್ಖಾನೆಗೆ ನಡುವಿನದ್ದಲ್ಲ, ಕೆಳಗಿನಿಂದ ಕಾಲುಭಾಗಕ್ಕೆ ಬರುವ ಅಂಕಿ ಹೇಳಿ. ಇದನ್ನಾದರೂ ಹಂಗಿಸದೆ ಓದಿ.

ಎರೆಹೊಲ

ಇದು ಒಳ್ಳೆ ಮಾತು, ಹಂಗಿಸಲ್ಲ. ಆದರೆ ಟನ್ ಅಂದರೆ ಇಳುವರಿ ಒಂದೇ ಅಲ್ಲ, ಎಕರೆಯೂ ಬೇಕಲ್ಲ? ಸದಸ್ಯರು ಪಹಣಿಯಲ್ಲಿರುವುದನ್ನು ಹೇಳುತ್ತಾರೆ, ಬಿತ್ತಿದ್ದನ್ನಲ್ಲ. ಬೆಳೆ ಸಮೀಕ್ಷೆ ಆ್ಯಪಿನ ಅಂಕಿ ತೆಗೆದು ತಾಳೆ ನೋಡಿ.

ಹಸಿರು_ಹೊದಿಕೆ

ಆಕ್ವಾಕ್ರಾಪ್ ಕೇಳಿದಿರಲ್ಲ, ತಡವಾಗಿ ನೋಡಿದೆ. ನಾನು ಚಿತ್ರದುರ್ಗದಲ್ಲಿ ಮುಸುಕಿನ ಜೋಳಕ್ಕೆ ಅದನ್ನೇ ಓಡಿಸುತ್ತೇನೆ. ಎಲೆ ವಿಸ್ತೀರ್ಣ ಅಳೆಯುವ ರಗಳೆ ಇಲ್ಲ. ನೆಲದ ಎಷ್ಟು ಭಾಗವನ್ನು ಹಸಿರು ಮುಚ್ಚಿದೆ ಅನ್ನುವುದೇ ಅದಕ್ಕೆ ಬೇಕು. ಕ್ಯಾನೋಪಿಯೋ ಅಂತ ಫೋನ್ ಆ್ಯಪ್ ಇದೆ. ಮೇಲಿನಿಂದ ಫೋಟೋ ತೆಗೆದರೆ ಶೇಕಡಾವಾರು ಹೇಳುತ್ತದೆ. ಗಿಡ ಎದೆ ಮಟ್ಟ ದಾಟಿದ ಮೇಲೆ ಕೈ ಎಟುಕಲ್ಲ. 900 ಕೊಟ್ಟು ಸೆಲ್ಫಿ ಕೋಲು ತಂದೆ, ಗಾಳಿಗೆ ಅಲ್ಲಾಡಿತು. ಆಮೇಲೆ ಪಿವಿಸಿ ಪೈಪು, ಕ್ಲಾಂಪು, ಬ್ಲೂಟೂತ್ ಬಟನ್, 640. ಫೋನ್ ಮೂರು ಸಲ ಬಿತ್ತು, ಗ್ಲಾಸ್ ಬದಲಿಸಿದ್ದು 2,800. ಈ ಮಾದರಿ ನೀರಿನ ಕೊರತೆಯನ್ನು ಚೆನ್ನಾಗಿ ಹಿಡಿಯುತ್ತದೆ, ಯೂರಿಯಾ ಕೊರತೆಯನ್ನು ಹಿಡಿಯಲ್ಲ. ಗೊಬ್ಬರದ ಒತ್ತಡವನ್ನು ನಾವೇ ಅಂದಾಜಿನಲ್ಲಿ ಹಾಕಬೇಕು. ನಮ್ಮಲ್ಲಿ ಮೇಲುಗೊಬ್ಬರ ಸರಿಯಾದ ಸಮಯಕ್ಕೆ ಸಿಗದ ವರ್ಷ ನನ್ನ ಅಂದಾಜು ಎಕರೆಗೆ ಐದು ಕ್ವಿಂಟಲ್ ಮೇಲೆ ಹೋಗಿತ್ತು.

ಕೆಂಪುಮಣ್ಣು

ನೋಡಿ, ಅದಕ್ಕೇ ಡಿಸ್ಯಾಟ್ ಅಂದಿದ್ದು. ಸಾರಜನಕದ ಲೆಕ್ಕ ಅದರೊಳಗೇ ಇದೆ.

ಹಸಿರು_ಹೊದಿಕೆ

ಇದೆ ಸ್ವಾಮಿ. ಅದಕ್ಕೆ ಮಣ್ಣಿನಲ್ಲಿ ಮೊದಲೇ ಎಷ್ಟು ಸಾರಜನಕ ಇತ್ತು ಅಂತ ಪದರ ಪದರವಾಗಿ ಹೇಳಬೇಕು. ಆ ಲ್ಯಾಬ್ ಬಿಲ್ ನೀವು ಕಟ್ಟುತ್ತೀರಾ?