ಅಪ್‌ಡೇಟ್: ಬಲಗಡೆ ಸ್ಕ್ಯಾಪುಲಾ (ಭುಜದ ಹಿಂದಿನ ಚಪ್ಪಟೆ ಮೂಳೆ) ಎದ್ದು ಕಾಣೋದಕ್ಕೆ ಯಾವ ಸ್ನಾಯು ಕಾರಣ?

ಬಲಗೈ ಮುಂದಕ್ಕೆ ಎತ್ತಿದಾಗ ಬೆನ್ನಲ್ಲಿ ಸ್ಕ್ಯಾಪುಲಾದ ಒಳ ಅಂಚು ಚಾಚಿಕೊಳ್ಳುತ್ತೆ, ಇದು ಟ್ರಪೀಜಿಯಸ್ (ಕತ್ತಿನಿಂದ ಬೆನ್ನಿನವರೆಗೆ ಹರಡಿರೋ ಸ್ನಾಯು) ತೊಂದರೆಯೋ ರಾಂಬಾಯ್ಡ್‌ದೋ (ಬೆನ್ನುಮೂಳೆಗೂ ಸ್ಕ್ಯಾಪುಲಾಗೂ ನಡುವಿನ ಸ್ನಾಯು) ಅಂತ ಕೇಳಿದ್ದೆ. ಎರಡೂ ಅಲ್ಲವಂತೆ!

ಫಿಸಿಯೋ ಎರಡೂ ಅಂಗೈ ಗೋಡೆಗೆ ಊರಿ ತಳ್ಳೋಕೆ ಹೇಳಿದರು. ತಳ್ಳಿದ ಕೂಡಲೇ ಬಲಗಡೆ ಮೂಳೆ ರೆಕ್ಕೆ ಥರ ಎದ್ದಿತು. ಹಿಂದಿನಿಂದ ಫೋಟೊ ತೆಗೆದು ತೋರಿಸಿದರು, ಅಂಚಿನಡಿ ಬೆರಳು ತೂರಿಸುವಷ್ಟು ಸಂದು. ಅನುಮಾನ ಈಗ ಸೆರೇಟಸ್ ಆಂಟೀರಿಯರ್ ಮೇಲೆ. ಮೇಲಿನ 8–9 ಪಕ್ಕೆಲುಬುಗಳಿಂದ ಹೊರಟು, ಎದೆಗೂಡನ್ನು ಬಳಸಿ, ಸ್ಕ್ಯಾಪುಲಾದ ಅಡಿಯಿಂದ ಹಾದು ಅದೇ ಒಳ ಅಂಚಿಗೆ ಅಂಟುವ ಸ್ನಾಯು ಇದು. ಮೂಳೆಯನ್ನು ಪಕ್ಕೆಲುಬಿಗೆ ಒತ್ತಿ ಹಿಡಿಯೋದು ಇದರ ಮುಖ್ಯ ಕೆಲಸಗಳಲ್ಲಿ ಒಂದು. ಬೆನ್ನಿನ ತೊಂದರೆಗೆ ಪಕ್ಕೆಯ ಸ್ನಾಯು ಕಾರಣ ಅಂತ ಯಾರಿಗೆ ಹೊಳೆಯುತ್ತೆ ಹೇಳಿ!

ಕೈ ಪೂರ್ತಿ 180 ಡಿಗ್ರಿ ಎತ್ತುವಾಗ ಸುಮಾರು 60 ಡಿಗ್ರಿ ಸ್ಕ್ಯಾಪುಲಾ ತಿರುಗೋದರಿಂದಲೇ ಸಿಗೋದು. ಅದನ್ನು ತಿರುಗಿಸೋದು ಸೆರೇಟಸ್, ಟ್ರಪೀಜಿಯಸ್ ಜೋಡಿ; ರಾಂಬಾಯ್ಡ್ ಎಳೆಯೋದು ಉಲ್ಟಾ ದಿಕ್ಕಿಗೆ. ಟ್ರಪೀಜಿಯಸ್ ಸೋತಿದ್ದರೆ ಭುಜ ಜೋತುಬೀಳುತ್ತಿತ್ತು, ಕೈ ಪಕ್ಕಕ್ಕೆ ಎತ್ತಿದಾಗ ಮೂಳೆ ಹೆಚ್ಚು ಎದ್ದು ಕಾಣುತ್ತಿತ್ತು.

ಸೆರೇಟಸ್‌ಗೆ ಹೋಗುವ ಲಾಂಗ್ ಥೊರಾಸಿಕ್ ನರ ಸರಿಯಿದೆಯಾ ಅಂತ ನೋಡೋಕೆ ಡಾಕ್ಟರ್ ಇಎಂಜಿ (ಸ್ನಾಯುವಿನ ವಿದ್ಯುತ್ ಚಟುವಟಿಕೆ ನೋಡೋ ಪರೀಕ್ಷೆ) ಬರೆದಿದ್ದಾರೆ. ರಿಪೋರ್ಟ್ ಬಂದಮೇಲೆ ಹಾಕ್ತೀನಿ.