ತಾರಸಿಯ ನೆಲಗುಳ್ಳ: ಹೂ ತುಂಬ, ಕಾಯಿ ಇಲ್ಲ

ಯಲಹಂಕ ಕೈತೋಟ:
ಮೂರನೇ ಮಹಡಿಯ ತಾರಸಿಯಲ್ಲಿ, ಕುಂಡದಲ್ಲಿ ನೆಲಗುಳ್ಳ ಹಬ್ಬಿದೆ. ಎಲೆಯ ನರದ ಮೇಲೂ ಹಳದಿ ಮುಳ್ಳು. ನೇರಳೆ ಹೂ ದಿನಾ ಅರಳುತ್ತೆ, ತುಡುವೆ ಜೇನೂ ಬರುತ್ತೆ. ಆದರೆ ಹೂ ತೊಟ್ಟಿನ ಸಮೇತ ಉದುರುತ್ತೆ, ಒಂದೂ ಕಾಯಿ ಕಚ್ಚಿಲ್ಲ. ಗೊಬ್ಬರ ಸಾಲದೇ? ಪಕ್ಕದಲ್ಲೇ ಬದನೆ ಕುಂಡಗಳಿವೆ, ತೊಂದರೆಯೇ?

ಮುಳ್ಳುಬೇಲಿ:
ಗೊಬ್ಬರ ಹಾಕಲೇಬೇಡಿ, ಸೊಪ್ಪು ಸೊಕ್ಕಿ ಹೂ ಕಡಿಮೆಯಾಗುತ್ತೆ. ತೊಂದರೆ ಇರೋದು ಪರಾಗದಲ್ಲಿ. ಹೂವಿನ ನಡುವೆ ಐದು ಹಳದಿ ಕೇಸರ ಪುಟ್ಟ ಬಾಳೆ ಚಿಪ್ಪಿನ ಹಾಗೆ ಒತ್ತೊತ್ತಾಗಿ ನಿಂತಿವೆಯಲ್ಲ, ಅವು ಉದ್ದಕ್ಕೆ ಬಿರಿಯುವುದಿಲ್ಲ. ತುದಿಯಲ್ಲಿ ಸಣ್ಣ ತೂತು ಮಾತ್ರ. ಮಕರಂದವೂ ಇಲ್ಲ. ಭ್ರಮರ (ಮರ ಕೊರೆಯುವ ದಪ್ಪ ಕರಿ ಜೇನು) ಅಥವಾ ನೀಲಿ ಪಟ್ಟೆಯ ಒಂಟಿ ಜೇನು ಕೇಸರವನ್ನು ಅಪ್ಪಿ ಹಿಡಿದು, ರೆಕ್ಕೆ ಬಡಿಯದೆ ಎದೆಯ ಸ್ನಾಯುವನ್ನಷ್ಟೇ 'ಜುಂಯ್' ಎಂದು ನಡುಗಿಸುತ್ತೆ. ಆಗ ಪುಡಿ ಉದುರುತ್ತೆ. ತುಡುವೆಗೆ ಈ ವಿದ್ಯೆ ಬರೋದಿಲ್ಲ, ಚೆಲ್ಲಿದ್ದನ್ನು ಆಯ್ದುಕೊಂಡು ಹೋಗುತ್ತೆ ಅಷ್ಟೆ.

ಬೆಳಿಗ್ಗೆ ಹೂ ಪೂರ್ತಿ ಅರಳಿದ ಮೇಲೆ ಬ್ಯಾಟರಿ ಟೂತ್‌ಬ್ರಷ್‌ನ ಹಿಂಬದಿಯನ್ನು ಹೂವಿನ ತೊಟ್ಟಿಗೆ 2–3 ಸೆಕೆಂಡು ತಾಗಿಸಿ. ಕೆಳಗೆ ಕಪ್ಪು ಕಾಗದ ಹಿಡಿದರೆ ಪುಡಿ ಬಿದ್ದದ್ದು ಗೊತ್ತಾಗುತ್ತೆ. ಶಲಾಕೆ (ಕೇಸರಗಳ ನಡುವಿನ ಹೆಣ್ಣು ಕಡ್ಡಿ) ಕೇಸರದ ತುದಿಗಿಂತ ಮೇಲೆ ಚಾಚಿರುವ ಹೂವನ್ನೇ ಆರಿಸಿ. ಬದನೆಯಲ್ಲಿ ಆಗುವಂತೆ, ಗಿಡ್ಡ ಶಲಾಕೆಯವು ಸಾಮಾನ್ಯವಾಗಿ ಉದುರಿಯೇ ಹೋಗುತ್ತವೆ.

ಬದನೆಕಾಯಿ ಭಕ್ತ:
ಬದನೆಯಿಂದ ದೂರದ ಮೂಲೆಗೆ ಸರಿಸಿ. ಎರಡೂ ಒಂದೇ ಕುಲ, ಕೀಟಗಳೂ ಹಂಚಿಕೊಂಡವು. ಎಲೆಯ ಹಸಿರು ಕೆರೆದು ಜಾಲರಿಯಂತೆ ಬಿಟ್ಟಿದ್ದರೆ ಅದು 28 ಚುಕ್ಕೆಯ ದುಂಬಿ. ಎಲೆಯಡಿ ನೆಟ್ಟಗೆ ನಿಂತ ಹಳದಿ ಮೊಟ್ಟೆಗಳ ಗುಂಪು ಕಂಡರೆ ಆ ಎಲೆ ಕಿತ್ತು ಸೋಪು ನೀರಿಗೆ ಹಾಕಿ. ಗಿಡದ ಹೇನು ತಿನ್ನುವ ಗುಲಗಂಜಿ ಹುಳಕ್ಕೆ ಬೆನ್ನು ಮಿರಮಿರ ಹೊಳೆಯುತ್ತೆ, ಇದರದ್ದು ನವಿರು ಕೂದಲಿದ್ದು ಮಂಕು. ತಪ್ಪಿ ಗುಲಗಂಜಿ ಹುಳವನ್ನು ಕೊಲ್ಲಬೇಡಿ. ಔಷಧಿ ಸಿಂಪಡಿಸಿದಿರೋ, ಭ್ರಮರವೂ ಬಾರದು.

ಮುಳ್ಳುಬೇಲಿ:
ಭ್ರಮರಕ್ಕೆ ಜಾಗವನ್ನೂ ಕೊಡಿ. ಒಂದು ಕಡೆ ಗಿಣ್ಣು ಮುಚ್ಚಿರುವ ಬಿದಿರಿನ ತುಂಡು, ಉದ್ದ 20 ಸೆಂ.ಮೀ., ತೂತು ಒಂದೂವರೆ ಸೆಂ.ಮೀ., ಮಳೆ ತಾಗದಂತೆ ಅಡ್ಡಕ್ಕೆ ಕಟ್ಟಿ. ನೀಲಿ ಪಟ್ಟೆಯದಕ್ಕೆ ಬರಿಮಣ್ಣು ಬೇಕು, ಅದಕ್ಕೇ ಸುತ್ತಲ ಸೈಟುಗಳಿಗೆಲ್ಲ ಸಿಮೆಂಟು ಬಿದ್ದಷ್ಟೂ ಅದು ಸಿಗೋದು ಕಷ್ಟ.

ಯಲಹಂಕ ಕೈತೋಟ:
ಸೈಟಿನಲ್ಲಿರುವ ದೊಡ್ಡ ಗಿಡವನ್ನೇ ಕಿತ್ತು ತರಬಹುದೇ?

ಬದನೆಕಾಯಿ ಭಕ್ತ:
ಬೇಡ. ತಾಯಿಬೇರು ಆಳಕ್ಕಿಳಿದಿರುತ್ತೆ, ತುಂಡಾದರೆ ಒಣಗುತ್ತೆ. ಹಸಿರು ಪಟ್ಟೆ ಹೋಗಿ ಪೂರ್ತಿ ಹಳದಿಯಾದ ಕಾಯಿಯ ಬೀಜ ತೊಳೆದು, ನೆರಳಲ್ಲಿ ಒಣಗಿಸಿ, ಅರ್ಧ ಸೆಂ.ಮೀ. ಆಳಕ್ಕೆ ಹಾಕಿ. ಎರಡು ಪಾಲು ಕೆಂಪು ಮಣ್ಣಿಗೆ ಒಂದು ಪಾಲು ಮರಳು ಸಾಕು. ಆಯುರ್ವೇದದ ಹತ್ತು ಬೇರುಗಳ ಔಷಧಿ ದಶಮೂಲದಲ್ಲಿ ಇದೂ ಒಂದು ಅಂತ ಮಕ್ಕಳ ಕೈಗೆ ಕಾಯಿ ಕೊಟ್ಟೀರಿ, ಹಸಿಯಾಗಿ ತಿನ್ನುವಂಥದ್ದಲ್ಲ. ಮತ್ತೆ ಸೈಟಿನ ಮುಳ್ಳುಗಿಡಕ್ಕೆ ಹಳದಿ ಹೂ ಇದ್ದು, ಮುರಿದರೆ ಹಳದಿ ಹಾಲು ಬಂದರೆ ಅದು ನೆಲಗುಳ್ಳವಲ್ಲ, ಅದು ಅಮೆರಿಕದಿಂದ ಬಂದ ದತ್ತೂರಿ, ಬೀಜ ಮುಟ್ಟಬೇಡಿ.